ಪುಟ್ಟ ಸವಾರನಿಗೊಂದು ಗಟ್ಟಿ ಕುದುರೆ

ಎರಡು ವರ್ಷದ ಮಗುವಿನ ಕಣ್ಣಿಗೆ ಕುದುರೆಯಾಗಿ ಕಾಣದ ವಸ್ತು ಮನೆಯಲ್ಲಿ ಒಂದೂ ಇರುವುದಿಲ್ಲ. ಅಜ್ಜನ ಊರುಗೋಲು ಕುದುರೆ. ಸುತ್ತಿಟ್ಟ ಹಾಸಿಗೆ ಕುದುರೆ. ಪತ್ರಿಕೆ ಓದುತ್ತ ಕುಳಿತ ತಂದೆಯ ಮೊಣಕಾಲು ಕುದುರೆ. ಕೊನೆಗೆ, ನೆಲ ಒರೆಸಲು ಬಗ್ಗಿದ ತಾಯಿಯ ಬೆನ್ನೂ ಕುದುರೆಯೇ. ಮಗು ಏರಿ ಕುಳಿತು ‘ಹೈ’ ಎಂದಿತೆಂದರೆ ಮುಗಿಯಿತು. ಊರುಗೋಲಿಗೂ ಕಾಲು ಬರುತ್ತದೆ, ದಿಂಬಿಗೂ ಓಟ ಬರುತ್ತದೆ.

ಆದರೆ ತಂದೆಯ ಮೊಣಕಾಲು ಕಚೇರಿಗೆ ಹೋಗಬೇಕು, ತಾಯಿಯ ಬೆನ್ನಿಗೆ ಬಿಡುವು ಬೇಕು. ಹೀಗಾಗಿ ಒಂದು ದಿನ ಅಂಗಡಿಯಿಂದ ಬಣ್ಣಬಣ್ಣದ ಸವಾರಿ ಆಟಿಕೆಯೊಂದು ಮನೆಗೆ ಬರುತ್ತದೆ. ನೋಡಲು ಚೆಂದ, ಎತ್ತಲು ಹಗುರ. ತಿಂಗಳೊಳಗೆ ಅದರ ಒಂದು ಗಾಲಿ ಮಂಚದ ಕೆಳಗೆ, ಒಂದು ಕಿವಿ ಕಸದ ಬುಟ್ಟಿಯಲ್ಲಿ. ಮುರಿದದ್ದಕ್ಕೆ ಮಗುವನ್ನು ಗದರಿಸುವುದೂ ಉಂಟು. ವಾಸ್ತವವಾಗಿ ತಪ್ಪು ಮಗುವಿನದಲ್ಲ. ಅದು ಕುದುರೆಯನ್ನು ಕುದುರೆಯೆಂದೇ ನಂಬಿ ಏರಿತು. ನಂಬಿಕೆಗೆ ತಕ್ಕಷ್ಟು ಗಟ್ಟಿಯಾಗಿರದಿದ್ದುದು ಕುದುರೆ.

ಮಗು ತಾನು ಏರುವ ವಸ್ತುವನ್ನು ಪರೀಕ್ಷಿಸುವುದಿಲ್ಲ. ಆ ಪರೀಕ್ಷೆಯನ್ನು ಅದರ ಪರವಾಗಿ ದೊಡ್ಡವರೇ ಮಾಡಬೇಕು. ಮನೆಯಲ್ಲಿಯೇ ಮಗುವಿಗಾಗಿ ಮರದ ತೂಗುಕುದುರೆಯೊಂದನ್ನು ಕಟ್ಟಲು ಹೊರಡುವ ತಂದೆಗಾಗಲಿ, ಪರಿಚಯದ ಬಡಗಿಗೆ ಹೇಳಿ ಮಾಡಿಸುವ ತಾಯಿಗಾಗಲಿ ಮೊದಲು ಮನಸ್ಸಿಗೆ ಬರಬೇಕಾದ ಮಾತು ಇದು. ಕುದುರೆಯ ಮುಖ ಚೆಲುವಾಗಿರಬೇಕೆಂಬುದು ಆಮೇಲಿನ ವಿಚಾರ.

ಆಟಿಕೆಯ ಹಳೆಯ ವಂಶ

ಮಕ್ಕಳ ಬಂಡಿ-ಕುದುರೆಗಳ ವಂಶ ಬಹಳ ಹಳೆಯದು. ಹರಪ್ಪ, ಮೊಹೆಂಜೊದಾರೊಗಳ ಅಗೆತದಲ್ಲಿ ಸುಟ್ಟ ಮಣ್ಣಿನ ಪುಟ್ಟ ಬಂಡಿಗಳು ದೊರೆತಿವೆ. ಶೂದ್ರಕ ಕವಿಯ ‘ಮೃಚ್ಛಕಟಿಕ’ ನಾಟಕಕ್ಕೆ ಹೆಸರು ಬಂದುದೇ ಒಂದು ಮಣ್ಣಿನ ಆಟದ ಬಂಡಿಯಿಂದ. ನೆರೆಮನೆಯ ಹುಡುಗನ ಚಿನ್ನದ ಬಂಡಿಯನ್ನು ಕಂಡು, ತನಗೆ ಮಣ್ಣಿನ ಬಂಡಿ ಬೇಡವೆಂದು ಚಾರುದತ್ತನ ಮಗ ರೋಹಸೇನ ಅಳುತ್ತಾನೆ. ವಸಂತಸೇನೆ ತನ್ನ ಒಡವೆಗಳನ್ನು ಬಿಚ್ಚಿ ಆ ಬಂಡಿಯನ್ನು ತುಂಬುತ್ತಾಳೆ. ನೆರೆಮನೆಯ ಆಟಿಕೆಗಾಗಿ ಅಳುವ ಮಗು ಅಂದಿನಿಂದ ಇಂದಿನವರೆಗೆ ಹೆಚ್ಚೇನೂ ಬದಲಾಗಿಲ್ಲ.

ಕನ್ನಡ ನಾಡಿನಲ್ಲಿ ಕುದುರೆಯ ರೂಪಕ್ಕೆ ಮರಗೆಲಸದವರ ಕೈಯಲ್ಲಿ ವಿಶೇಷವಾದ ಮರ್ಯಾದೆಯುಂಟು. ದೇವಸ್ಥಾನದ ಉತ್ಸವಮೂರ್ತಿ ಏರುವ ಕುದುರೆ ವಾಹನ ಮರದ್ದು. ಹಬ್ಬದ ಮೆರವಣಿಗೆಯಲ್ಲಿ ಕುಣಿಯುವ ಕೀಲುಕುದುರೆಯ ನಡುವೆ ನಿಂತವನು ತಾನೇ ಸವಾರ, ತಾನೇ ಕುದುರೆಯ ಕಾಲು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಕುಶಲಿಗಳು ಹಗುರ ಮರವನ್ನು ಕೆತ್ತಿ ದೇವತೆಗಳನ್ನೂ ಗೊಂಬೆಗಳನ್ನೂ ರೂಪಿಸುತ್ತಾರೆ. ಬೆಂಗಳೂರು-ಮೈಸೂರು ದಾರಿಯಲ್ಲಿ ರಾಮನಗರ ದಾಟಿದ ಮೇಲೆ ಸಿಗುವ ಚನ್ನಪಟ್ಟಣದ ಹೆಸರನ್ನಂತೂ ಹೇಳಲೇಬೇಕಾಗಿಲ್ಲ. ಅಲ್ಲಿಯ ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತ ಕೆಂಪು, ಹಳದಿ ತೂಗುಕುದುರೆಗಳನ್ನು ಕಂಡು ಬಸ್ಸಿನ ಕಿಟಕಿಯಲ್ಲಿ ಹಟ ಹಿಡಿಯದ ಮಗು ಅಪರೂಪ.

ತೂಗುಕುದುರೆಗೆ ಯುರೋಪಿನಲ್ಲಿಯೂ ದೀರ್ಘವಾದ ಚರಿತ್ರೆಯಿದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಶ್ರೀಮಂತರ ಮನೆಗಳಲ್ಲಿ ಬೂದುಬಣ್ಣದ ಮೇಲೆ ಚುಕ್ಕೆಗಳಿದ್ದ, ಉದ್ದನೆಯ ಬಾಗಿದ ಪಟ್ಟಿಗಳ ಮೇಲೆ ನಿಂತ ಕುದುರೆ ಮಕ್ಕಳ ಕೋಣೆಯ ಅರಸನಾಗಿತ್ತು. ಆದರೆ ಆ ಅರಸನಿಗೆ ಕೆಲವು ದುರ್ಗುಣಗಳಿದ್ದವು. ತೂಗುತ್ತ ತೂಗುತ್ತ ನೆಲದ ಮೇಲೆ ಸರಿದುಹೋಗುವುದು, ಪಟ್ಟಿಯ ಕೆಳಗೆ ಸಿಕ್ಕಿದ ಬೆರಳನ್ನು ಜಜ್ಜುವುದು, ರಭಸ ಹೆಚ್ಚಾದರೆ ಮುಗ್ಗರಿಸುವುದು. ಈ ತೊಂದರೆಗಳಿಗೆ ಪರಿಹಾರವಾಗಿ ಅಮೆರಿಕದ ಸಿನ್ಸಿನಾಟಿ ನಗರದ ಫಿಲಿಪ್ ಮಾರ್ಕ್ವಾ ಎಂಬಾತ ೧೮೮೦ರಲ್ಲಿ ಹೊಸ ಬಗೆಯ ಪೀಠಕ್ಕೆ ಹಕ್ಕುಪತ್ರ ಪಡೆದ. ಅದರಲ್ಲಿ ಪೀಠ ನೆಲದ ಮೇಲೆ ಅಲುಗದೆ ನಿಲ್ಲುತ್ತದೆ. ಕುದುರೆ ಮಾತ್ರ ಕಬ್ಬಿಣದ ತೂಗುಕೊಂಡಿಗಳಲ್ಲಿ ಹಿಂದಕ್ಕೂ ಮುಂದಕ್ಕೂ ಆಡುತ್ತದೆ.

ಮನೆಯಲ್ಲಿ ಕಟ್ಟುವವರಿಗೆ ಕಬ್ಬಿಣದ ಕೊಂಡಿಗಳ ಕೆಲಸ ಸುಲಭವಲ್ಲ. ಬಾಗಿದ ಪಟ್ಟಿಗಳ ಕುದುರೆಯೇ ಸರಿ. ಆದರೆ ಮಾರ್ಕ್ವಾ ಕಂಡುಕೊಂಡ ಆ ಮೂರು ದುರ್ಗುಣಗಳನ್ನು ನೆನಪಿನಲ್ಲಿಟ್ಟುಕೊಂಡೇ ಕೆಲಸಕ್ಕೆ ಕೈಹಾಕಬೇಕು.

ಅಳತೆ ಕೊಡುವವನು ಸವಾರನೇ

ಕೆಲಸ ಆರಂಭವಾಗಬೇಕಾದುದು ಗರಗಸದಿಂದಲ್ಲ, ಮಗುವಿನಿಂದ. ಅಡುಗೆಮನೆಯ ಮಣೆಗಳನ್ನು ಒಂದರ ಮೇಲೊಂದು ಪೇರಿಸಿ ಮಗುವನ್ನು ಅದರ ಮೇಲೆ ಎರಡೂ ಬದಿಗೆ ಕಾಲು ಇಳಿಬಿಟ್ಟು ಕೂರಿಸಬೇಕು. ಎರಡೂ ಪಾದಗಳು ನೆಲಕ್ಕೆ ಸಲೀಸಾಗಿ ಮುಟ್ಟಿದಾಗ ಮಣೆಗಳ ಎತ್ತರವೆಷ್ಟೋ ಅಷ್ಟೇ ಕುದುರೆಯ ಆಸನದ ಎತ್ತರ. ಎರಡು ವರ್ಷದ ಮಗುವಿಗೆ ಇದು ಸುಮಾರು ೧೧ ಅಂಗುಲ ಬರುತ್ತದೆ. ‘ಮುಂದೆ ಬೆಳೆಯುತ್ತಾನಲ್ಲ’ ಎಂದು ಅಂಗಿ ಹೊಲಿಸುವವರಂತೆ ಎರಡಂಗುಲ ಹೆಚ್ಚಿಗೆ ಇಡುವುದು ಇಲ್ಲಿ ತರವಲ್ಲ. ದೊಗಲೆ ಅಂಗಿಯಿಂದ ಯಾರೂ ಬೀಳುವುದಿಲ್ಲ. ಎತ್ತರದ ಕುದುರೆಯಿಂದ ಬೀಳುತ್ತಾರೆ. ಪಾದ ನೆಲಕ್ಕೆ ತಾಗುವ ಸವಾರನಿಗೆ ತಾನೇ ಏರುವ, ತಾನೇ ಇಳಿಯುವ, ಹೆದರಿಕೆಯಾದಾಗ ತಾನೇ ನಿಲ್ಲಿಸುವ ಸ್ವಾತಂತ್ರ್ಯವಿರುತ್ತದೆ.

ಆಸನದ ಹಲಗೆ ೧೬ ಅಂಗುಲ ಉದ್ದ, ಹಿಂಬದಿಯಲ್ಲಿ ೭ ಅಂಗುಲ ಅಗಲ, ತೊಡೆಗಳು ಬರುವೆಡೆ ೫ ಅಂಗುಲಕ್ಕೆ ಕಿರಿದಾಗಿರಲಿ. ದಪ್ಪ ಒಂದೂವರೆ ಅಂಗುಲ. ಹಿಂದೆ ೬ ಅಂಗುಲ ಎತ್ತರದ ಒರಗು ಇದ್ದರೆ ಮಗು ಹಿಂದಕ್ಕೆ ಜಾರುವುದಿಲ್ಲ. ಹಿಡಿಯ ಕೋಲು ಆಸನದಿಂದ ೭ ಅಂಗುಲ ಮೇಲಿರಬೇಕು. ದಪ್ಪ ಒಂದು ಅಂಗುಲ ಮೀರಬಾರದು. ದೊಡ್ಡವರ ಕೈಗೆ ಹಿತವೆನಿಸುವ ದಪ್ಪನೆಯ ಹಿಡಿ ಪುಟ್ಟ ಮುಷ್ಟಿಗೆ ದಕ್ಕುವುದಿಲ್ಲ. ಮಗುವಿನ ಬೆರಳುಗಳು ಕೋಲನ್ನು ಪೂರ್ತಿ ಸುತ್ತಿ ಹೆಬ್ಬೆರಳನ್ನು ಮುಟ್ಟುವಂತಿರಬೇಕು.

ಕಾಲಿಡಲು ಒಂದು ಅಡ್ಡಪಟ್ಟಿ ಬೇಕು. ಮುಂಗಾಲುಗಳ ಎದುರಿಗೆ, ಎರಡೂ ಬಾಗುಪಟ್ಟಿಗಳ ಮೇಲೆ, ಆಸನದಿಂದ ಏಳೆಂಟು ಅಂಗುಲ ಕೆಳಗೆ ಇದನ್ನು ಕೂರಿಸಿದರೆ ಅದೇ ಎರಡು ಪಟ್ಟಿಗಳನ್ನು ಬಿಗಿಹಿಡಿಯುವ ಕೆಲಸವನ್ನೂ ಮಾಡುತ್ತದೆ. ಆದರೆ ಅದರ ತುದಿಗಳು ಬಾಗುಪಟ್ಟಿಗಳಿಂದ ಹೊರಕ್ಕೆ ಚಾಚಿಕೊಂಡಿರಬಾರದು. ಚಾಚಿದ್ದರೆ ಮಗು ಅದನ್ನು ಮೆಟ್ಟಿಲೆಂದು ತಿಳಿದು ಪಕ್ಕದಿಂದ ಏರಹೋಗುತ್ತದೆ. ಕುದುರೆ ಸವಾರನ ಮೇಲೆಯೇ ವಾಲುತ್ತದೆ.

ಇಷ್ಟು ಅಳತೆ ದೊರೆತ ಮೇಲೆ ಹಳೆಯ ವೃತ್ತಪತ್ರಿಕೆಗಳನ್ನು ಅಂಟಿಸಿ, ಅದರ ಮೇಲೆ ಕುದುರೆಯ ಪಕ್ಕದ ನೋಟವನ್ನು ನಿಜವಾದ ಅಳತೆಯಲ್ಲಿಯೇ ಬರೆಯಬೇಕು. ಚಿಕ್ಕ ಚಿತ್ರದಲ್ಲಿ ಅಡಗಿಕೊಂಡಿರುವ ತಪ್ಪು ದೊಡ್ಡ ಚಿತ್ರದಲ್ಲಿ ತಾನಾಗಿಯೇ ಹೊರಬೀಳುತ್ತದೆ. ಕಾಗದದ ಮೇಲಿನ ತಪ್ಪನ್ನು ಅಳಿಸಲು ರಬ್ಬರು ಸಾಕು.

ಬಾಗಿನಲ್ಲಿ ಅಡಗಿದ ಗುಟ್ಟು

ತೂಗುಕುದುರೆಯ ಪ್ರಾಣವಿರುವುದು ಕೆಳಗಿನ ಎರಡು ಬಾಗುಪಟ್ಟಿಗಳಲ್ಲಿ. ಎಷ್ಟು ಬಾಗಿಸಬೇಕೆಂಬುದನ್ನು ಕಣ್ಣಳತೆಗೆ ಬಿಡುವುದೇ ಹಲವರು ಮಾಡುವ ತಪ್ಪು. ಇದರ ಹಿಂದೆ ಒಂದು ಸರಳವಾದ ನಿಯಮವಿದೆ. ಬಾಗುಪಟ್ಟಿ ಒಂದು ದೊಡ್ಡ ಚಕ್ರದ ತುಂಡು ಎಂದು ಭಾವಿಸಬೇಕು. ಆ ಚಕ್ರದ ನಡುಬಿಂದು, ಕುದುರೆ ಮತ್ತು ಸವಾರನ ಒಟ್ಟು ಭಾರದ ಕೇಂದ್ರಕ್ಕಿಂತ ಮೇಲಿದ್ದರೆ ಕುದುರೆ ಎಷ್ಟೇ ವಾಲಿದರೂ ಮರಳಿ ತನ್ನ ಸ್ಥಾನಕ್ಕೆ ಬರುತ್ತದೆ. ನಡುಬಿಂದು ಭಾರದ ಕೇಂದ್ರಕ್ಕಿಂತ ಕೆಳಗಾದರೆ ವಾಲಿದ್ದು ಮರಳುವುದಿಲ್ಲ, ಮಗುಚುತ್ತದೆ. ತಂಜಾವೂರಿನ ತಲೆಯಾಡಿಸುವ ಗೊಂಬೆಯನ್ನು ಎಷ್ಟು ಬಾರಿ ಬೀಳಿಸಿದರೂ ಎದ್ದು ಕೂರುವುದು ಈ ನಿಯಮದಿಂದಲೇ.

ಹನ್ನೊಂದು ಅಂಗುಲದ ಆಸನದ ಮೇಲೆ ಕುಳಿತ ಮಗುವಿನ ಭಾರದ ಕೇಂದ್ರ ನೆಲದಿಂದ ೧೮-೧೯ ಅಂಗುಲ ಎತ್ತರದಲ್ಲಿರುತ್ತದೆ. ಮಗು ಆಸನದ ಮೇಲೆ ಎದ್ದುನಿಂತರೆ ಅದು ಇನ್ನೂ ಮೇಲೇರುತ್ತದೆ. ಎಷ್ಟು ಬೇಡವೆಂದರೂ ಒಂದಲ್ಲ ಒಂದು ದಿನ ಅದು ಎದ್ದುನಿಲ್ಲದೆ ಇರುವುದಿಲ್ಲ. ಆದುದರಿಂದ ಚಕ್ರದ ನಡುಬಿಂದು ನೆಲದಿಂದ ೪೦ ಅಂಗುಲ ಎತ್ತರದಲ್ಲಿರುವಂತೆ ಬಾಗನ್ನು ಎಳೆಯುವುದು ಕ್ಷೇಮ. ಇದಕ್ಕಿಂತ ಹೆಚ್ಚು ಬಾಗಿಸಿದರೆ ಕುದುರೆ ಆಳವಾಗಿ, ನಿಧಾನವಾಗಿ, ಭಯ ಹುಟ್ಟಿಸುವಂತೆ ತೂಗುತ್ತದೆ. ಬಾಗು ತೀರ ಕಡಿಮೆಯಾದರೆ ಚಳಿಯಲ್ಲಿ ನಡುಗಿದಂತೆ ಅಲುಗುತ್ತದೆಯೇ ಹೊರತು ಓಡಿದಂತಾಗುವುದಿಲ್ಲ.

ಬಾಗನ್ನು ಎಳೆಯಲು ಯಂತ್ರ ಬೇಡ. ಅಂಗಳದಲ್ಲಿ ಒಂದು ಮೊಳೆ ನೆಟ್ಟು, ೪೦ ಅಂಗುಲದ ದಾರ ಕಟ್ಟಿ, ದಾರದ ತುದಿಯ ಪೆನ್ಸಿಲನ್ನು ಹಲಗೆಯ ಮೇಲೆ ಎಳೆದರಾಯಿತು. ೩೨ ಅಂಗುಲ ಉದ್ದಕ್ಕೆ ಈ ಬಾಗು ಬಂದಾಗ ಎರಡು ತುದಿಗಳೂ ನೆಲದಿಂದ ಮೂರೂ ಕಾಲು ಅಂಗುಲಕ್ಕೂ ತುಸು ಹೆಚ್ಚು ಮೇಲೆದ್ದಿರುತ್ತವೆ. ಅಲ್ಲಿಂದ ಮುಂದಕ್ಕೆ ಎರಡೆರಡು ಅಂಗುಲವನ್ನು ಬಾಗಿಸದೆ ನೇರವಾಗಿ ಬಿಡಬೇಕು. ಕುದುರೆ ಆ ನೇರವಾದ ಭಾಗಕ್ಕೆ ಬಂದಾಗ ಮುಂದಕ್ಕೆ ಉರುಳಲಾರದೆ ತಡೆದು ನಿಲ್ಲುತ್ತದೆ. ಇದೇ ಅದರ ಕಡಿವಾಣ. ಒಟ್ಟಿನಲ್ಲಿ ಮೂರು ಅಡಿ ಉದ್ದ, ೭ ಅಂಗುಲ ಅಗಲ, ಒಂದೂ ಕಾಲು ಅಂಗುಲ ದಪ್ಪದ ಹಲಗೆಯಲ್ಲಿ ಒಂದು ಪಟ್ಟಿ ಬರುತ್ತದೆ. ಎರಡು ಪಟ್ಟಿಗಳನ್ನೂ ಒಟ್ಟಿಗೆ ಬಿಗಿದು ಕೀಸಿದರೆ ಒಂದಕ್ಕೊಂದು ವ್ಯತ್ಯಾಸವಿರದು. ವ್ಯತ್ಯಾಸವಿದ್ದರೆ ಕುದುರೆ ಕುಂಟುತ್ತದೆ.

ಮುಂದಕ್ಕೆ ಬೀಳುವುದಕ್ಕಿಂತ ಪಕ್ಕಕ್ಕೆ ಬೀಳುವ ಅಪಾಯವೇ ಹೆಚ್ಚು. ಕೆಳಗಿನ ಎರಡು ಪಟ್ಟಿಗಳ ಹೊರ ಅಂಚುಗಳ ನಡುವಿನ ಅಗಲ ಆಸನದ ಎತ್ತರವನ್ನು ಮೀರಿರಬೇಕು. ೧೧ ಅಂಗುಲದ ಆಸನಕ್ಕೆ ೧೪ ಅಂಗುಲ ಅಗಲದ ತಳ ಒಳ್ಳೆಯದು. ಆದುದರಿಂದ ಕಾಲುಗಳನ್ನು ನೆಟ್ಟಗೆ ಇಳಿಸದೆ, ಮಲ್ಲನು ಅಖಾಡದಲ್ಲಿ ನಿಂತಂತೆ, ಹೊರಕ್ಕೆ ಚಾಚಿ ಇಳಿಸಬೇಕು.

ಮರದ ಆಯ್ಕೆ

ಸಾಗುವಾನಿ ಸಿಕ್ಕರೆ ಅದಕ್ಕೆ ಸಮಾನವಿಲ್ಲ. ಮಳೆಗಾಲದಲ್ಲಿ ಉಬ್ಬುವುದೂ ಬೇಸಗೆಯಲ್ಲಿ ಸೆಟೆಯುವುದೂ ಅದಕ್ಕೆ ಕಡಿಮೆ. ಹಲಸು ಗಟ್ಟಿಯೂ ಹೌದು, ವರ್ಷ ಕಳೆದಂತೆ ಬಂಗಾರದ ಬಣ್ಣ ಕಪ್ಪಗೆ ಮಾಗುವುದರಿಂದ ಚೆಲುವೂ ಹೌದು. ಬೇವಿಗೆ ಹುಳು ಬೀಳುವುದು ಕಡಿಮೆ. ಮಾವು ಅಗ್ಗವಾಗಿ ದೊರೆಯುತ್ತದೆ. ಆದರೆ ಸರಿಯಾಗಿ ಒಣಗಿಸಿ ಸಂಸ್ಕರಿಸದಿದ್ದರೆ ಕುದುರೆಗಿಂತ ಮೊದಲು ಹುಳುಗಳು ಸವಾರಿ ಮಾಡುತ್ತವೆ. ಹೊನ್ನೆ ಬಲವಾದ ಮರವಾದರೂ ನೀರು ತಗುಲಿದರೆ ಬಣ್ಣ ಬಿಡುವ ಗುಣವುಳ್ಳದ್ದು. ಸಿಕ್ಕಿದ್ದನ್ನೆಲ್ಲ ಚೀಪುವ ವಯಸ್ಸಿನ ಸವಾರನಿಗೆ ಒಗ್ಗದು. ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಗಳು ಕಪಾಟಿಗೆ ಸಾಕಾಗಬಹುದು. ಮತ್ತೆ ಮತ್ತೆ ಅಲುಗುವ ಕೀಲನ್ನು ಅವು ಹಿಡಿದಿಡಲಾರವು.

ಯಾವ ಮರವಾದರೂ ಚೆನ್ನಾಗಿ ಒಣಗಿರಬೇಕು. ಹಸಿಮರದಲ್ಲಿ ಬಿಗಿಯಾಗಿ ಕೂರಿಸಿದ ಕೀಲು ಬೇಸಗೆ ಕಳೆಯುವುದರೊಳಗೆ ಸಡಿಲಾಗುತ್ತದೆ. ಕೆಡವಿದ ಹಳೆಯ ಮನೆಯ ಬಾಗಿಲುವಾಡ, ಅಟ್ಟದ ಮೇಲಿನ ಮುರುಕು ಮಂಚ ಇಂಥವುಗಳ ಮರ ಹತ್ತಾರು ವರ್ಷ ಒಣಗಿ ಹದವಾಗಿರುವುದರಿಂದ ಬಡಗಿಗಳು ಅದನ್ನು ಮೆಚ್ಚುತ್ತಾರೆ. ಅಜ್ಜಿಯ ಮಂಚ ಮೊಮ್ಮಗನ ಕುದುರೆಯಾಗುವುದು ಸಂತೋಷದ ಸಂಗತಿಯೇ. ಆದರೆ ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಹಳೆಯ ಬಣ್ಣ ಬಳಿದ ಮರವಾಗಿದ್ದರೆ ಆ ಬಣ್ಣದಲ್ಲಿ ಸೀಸ ಇರುವ ಸಂಭವವುಂಟು. ಅದನ್ನು ಮನೆಯೊಳಗೆ ಉಜ್ಜಿದರೆ ವಿಷದ ಧೂಳು ನೆಲವನ್ನೆಲ್ಲ ಆವರಿಸುತ್ತದೆ. ಅದೇ ನೆಲದ ಮೇಲೆ ಮಗು ಅಂಬೆಗಾಲಿಡುತ್ತದೆ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಕೇಡು. ಇಷ್ಟು ಸೇರಿದರೆ ಅಪಾಯವಿಲ್ಲವೆನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಣ್ಣವಿರುವ ಹಳೆಯ ಮರವನ್ನು ಈ ಕೆಲಸಕ್ಕೆ ಬಳಸದಿರುವುದೇ ಮೇಲು.

ಮರವನ್ನು ಕೊಯ್ಯುವಾಗ ಅದರ ಎಳೆ ಯಾವ ಕಡೆಗೆ ಹರಿದಿದೆಯೆಂದು ನೋಡಬೇಕು. ಕಾಲಿನಲ್ಲಿ ಎಳೆ ಮೇಲಿನಿಂದ ಕೆಳಕ್ಕೆ, ಕತ್ತಿನಲ್ಲಿ ಆಸನದಿಂದ ತಲೆಯ ಕಡೆಗೆ, ಬಾಗುಪಟ್ಟಿಯಲ್ಲಿ ಉದ್ದಕ್ಕೆ ಹರಿಯಬೇಕು. ಅಡ್ಡ ಎಳೆಯ ಕತ್ತು ಎಷ್ಟೇ ದಪ್ಪವಾಗಿರಲಿ, ಕುದುರೆ ಒಮ್ಮೆ ಮಗುಚಿದರೆ ಹಪ್ಪಳದಂತೆ ಮುರಿಯುತ್ತದೆ. ತೆಳುವಾಗಿ ನಿಮಿರಿದ ಕಿವಿಗಳೂ ಬೇಡ. ಮುರಿದರೆ ಚೂಪಾಗುತ್ತವೆ, ಮುರಿಯದಿದ್ದರೆ ಮಗುವಿನ ಹಣೆಗೆ ತಾಗುತ್ತವೆ. ತಲೆಯ ಅಂಚಿನಲ್ಲಿಯೇ ಎರಡು ಮೊಂಡು ಉಬ್ಬು ಬಿಟ್ಟರೆ ಮಗುವಿನ ಕಲ್ಪನೆ ಉಳಿದುದನ್ನು ಪೂರೈಸಿಕೊಳ್ಳುತ್ತದೆ.

ಮೊಳೆಯಲ್ಲ, ಬೆಣೆ

ಮೇಜಿಗೂ ತೂಗುಕುದುರೆಗೂ ದೊಡ್ಡದೊಂದು ವ್ಯತ್ಯಾಸವಿದೆ. ಮೇಜು ಭಾರ ಹೊತ್ತು ಸುಮ್ಮನೆ ನಿಲ್ಲುತ್ತದೆ. ಕುದುರೆಯ ಕೀಲುಗಳನ್ನಾದರೋ ಒಂದೊಂದು ತೂಗಿಗೂ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಎಳೆದಾಡಿದಂತಾಗುತ್ತದೆ. ಮಗು ಒಂದು ಮಧ್ಯಾಹ್ನದಲ್ಲಿ ನೂರಾರು ಸಲ ತೂಗುತ್ತದೆ. ಈ ಎಳೆದಾಟದಲ್ಲಿ ಬರಿಯ ಮೊಳೆ ತನ್ನ ತೂತನ್ನು ತಾನೇ ದೊಡ್ಡದು ಮಾಡಿಕೊಂಡು ಮೆಲ್ಲನೆ ಮೇಲೇಳುತ್ತದೆ. ಎದ್ದ ಮೊಳೆ ಮೊದಲು ಚಡ್ಡಿಯನ್ನು ಹರಿಯುತ್ತದೆ, ಆಮೇಲೆ ತೊಡೆಯನ್ನು.

ಆದುದರಿಂದ ಮರವನ್ನು ಮರವೇ ಹಿಡಿಯುವಂತೆ ಮಾಡಬೇಕು. ಕಾಲಿನ ಮೇಲ್ತುದಿಯನ್ನು ನಾಲಗೆಯಂತೆ ಕೆತ್ತಿ, ಆಸನದ ಹಲಗೆಯಲ್ಲಿ ಅದಕ್ಕೆ ಸರಿಯಾದ ತೂತು ಕೊರೆದು, ನಾಲಗೆ ಹಲಗೆಯ ಮೇಲಕ್ಕೆ ಹಾಯ್ದು ಬರುವಂತೆ ಕೂರಿಸುವುದು ಬಡಗಿಗಳ ಹಳೆಯ ವಿಧಾನ. ಹಾಯ್ದು ಬಂದ ನಾಲಗೆಯ ತುದಿಯನ್ನು ಸೀಳಿ ಅದರಲ್ಲಿ ಗಟ್ಟಿಮರದ ಬೆಣೆಯನ್ನು ಕೊಡತಿಯಿಂದ ಹೊಡೆದರೆ ನಾಲಗೆ ಒಳಗೇ ಅಗಲವಾಗಿ ತೂತನ್ನು ತುಂಬುತ್ತದೆ. ಮೇಲೆ ಉಳಿದುದನ್ನು ಸಮನಾಗಿ ಕೀಸಬಹುದು. ಕತ್ತಿನ ಹಲಗೆಯನ್ನೂ ಹೀಗೆಯೇ ಆಸನದ ಪೂರ್ತಿ ದಪ್ಪವನ್ನು ತೂರುವಂತೆ ಇಳಿಸಬೇಕು, ಏಕೆಂದರೆ ಸವಾರನು ತನ್ನ ಬಲವನ್ನೆಲ್ಲ ಹಾಕುವುದು ಹಿಡಿಯ ಮೇಲೆ. ಹಿಡಿಯನ್ನು ಹೊತ್ತಿರುವುದು ಕತ್ತು. ಮರಗೆಲಸದ ಬಿಳಿ ಅಂಟನ್ನು ಜೊತೆಗೆ ಬಳಸಿದರೆ ಕೀಲು ಇನ್ನಷ್ಟು ಭದ್ರ. ಆದರೆ ಸಡಿಲವಾದ ತೂತನ್ನು ಅಂಟಿನಿಂದ ತುಂಬಿ ಸಮಾಧಾನಪಟ್ಟುಕೊಳ್ಳುವುದು ಆತ್ಮವಂಚನೆ. ಅಂಟು ಹಚ್ಚುವ ಮೊದಲೇ ಕುದುರೆ ಬರಿಯ ಕೀಲುಗಳ ಮೇಲೆ ತಾನಾಗಿ ನಿಲ್ಲಬೇಕು.

ಉಳಿ ಹಿಡಿದು ಅಭ್ಯಾಸವಿಲ್ಲದವರು ಈ ಕೀಲುಗಳ ಕೆಲಸವನ್ನು ಬಡಗಿಗೆ ಒಪ್ಪಿಸಿ, ಚಿತ್ರ ಬರೆಯುವುದು, ಉಜ್ಜುವುದು, ಮೆರುಗು ಹಚ್ಚುವುದನ್ನು ತಾವು ಇಟ್ಟುಕೊಳ್ಳಬಹುದು. ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ನಾಲ್ಕೈದು ಭಾನುವಾರಗಳ ಕೆಲಸವಿದು. ಅವಸರದಲ್ಲಿ ಮುಗಿಸುವುದಕ್ಕಿಂತ ಇನ್ನೊಂದು ಭಾನುವಾರ ಕಾಯುವುದು ವಾಸಿ.

ಮೂರನೆಯ ಲೇಪ

ಕಟ್ಟಿದ ಕುದುರೆಯನ್ನು ಈಗ ಕೈಯಿಂದ ನೋಡಬೇಕು, ಕಣ್ಣಿನಿಂದಲ್ಲ. ಕಣ್ಣು ಮುಚ್ಚಿ ಮೇಲಿನಿಂದ ಕೆಳಗಿನವರೆಗೆ ಸವರಿದಾಗ ಎಲ್ಲಿಯೂ ಸಿಬಿರು ತಾಗಬಾರದು, ಯಾವ ಅಂಚೂ ಒತ್ತಬಾರದು. ಬಾಗುಪಟ್ಟಿಗಳ ಕೆಳ ಅಂಚನ್ನು ವಿಶೇಷವಾಗಿ ದುಂಡಗೆ ಮಾಡಬೇಕು. ಪಕ್ಕದಲ್ಲಿ ತೆವಳುವ ತಮ್ಮನದೋ ತಂಗಿಯದೋ ಬೆರಳು ಅದರ ಕೆಳಗೆ ಬರುವುದು ಅಸಂಭವವಲ್ಲ. ಎರಡು ಮರಗಳ ನಡುವೆ ಸಂದಿ ಇದ್ದರೆ ೫ ಮಿಲಿಮೀಟರಿಗಿಂತ ಕಿರಿದಾಗಿರಲಿ, ಇಲ್ಲವೆ ೧೨ ಮಿಲಿಮೀಟರಿಗಿಂತ ಅಗಲವಾಗಿರಲಿ. ನಡುವಣ ಅಳತೆಯ ಸಂದಿಯಲ್ಲಿ ಪುಟ್ಟ ಬೆರಳು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಕಣ್ಣುಗಳಿಗೆ ಮಣಿ, ಗುಂಡಿಗಳನ್ನು ಅಂಟಿಸಬಾರದು; ಕಿತ್ತು ಬಂದರೆ ನೇರವಾಗಿ ಬಾಯಿಗೆ ಹೋಗುತ್ತವೆ. ಕಣ್ಣನ್ನು ಬಣ್ಣದಲ್ಲಿ ಬರೆದರೆ ಸಾಕು. ಲಗಾಮೆಂದು ಉದ್ದನೆಯ ಹಗ್ಗ ಕಟ್ಟುವುದೂ ಬೇಡ. ಕೊರಳಿಗೆ ಸುತ್ತಿಕೊಳ್ಳುವ ಭಯವಿದೆ.

ಬಣ್ಣದ ವಿಷಯದಲ್ಲಿ ಚನ್ನಪಟ್ಟಣದವರಿಂದ ಕಲಿಯುವುದಿದೆ. ಅಲ್ಲಿ ಆಲೆ ಮರವನ್ನು ಕಡೆಯುವ ಯಂತ್ರದಲ್ಲಿ ತಿರುಗಿಸುತ್ತ ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೇದಗೆಯ ಜಾತಿಯ ಒಣಗಿದ ಎಲೆಯಿಂದ ತಿಕ್ಕಿದಾಗ ಕನ್ನಡಿಯಂತೆ ಹೊಳೆಯುತ್ತದೆ. ಚಪ್ಪಟೆಯಾದ ಹಲಗೆಗೆ ಈ ಕ್ರಮ ಒಗ್ಗದು. ಆದರೆ ಅದೇ ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯಿಂದ ತೆಳುವಾಗಿ ಸವರಬಹುದು. ಸ್ಪಿರಿಟ್ಟು ಆರಿಹೋಗಿ ಅರಗು ಮಾತ್ರ ಉಳಿಯುತ್ತದೆ. ಶುದ್ಧಗೊಳಿಸಿದ ಅರಗನ್ನು ಔಷಧದ ಗುಳಿಗೆಗಳ ಮೇಲೂ ಮಿಠಾಯಿಗಳ ಮೇಲೂ ಲೇಪಿಸುವ ವಾಡಿಕೆಯಿರುವುದರಿಂದ ಮಗು ಕಚ್ಚಿದರೂ ಅಂಜಬೇಕಾದ್ದಿಲ್ಲ. ಅಗಸೆ ಎಣ್ಣೆ ಬಳಸುವವರು ಮಾತ್ರ ಒಂದನ್ನು ಮರೆಯಬಾರದು: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ಹೊರಗೆ ಹರವಿ ಒಣಗಿಸಬೇಕು.

ಕೊಂಡ ಬಣ್ಣವನ್ನೇ ಬಳಿಯುವುದಾದರೆ ಡಬ್ಬದ ಮೇಲಿನ ಬರಹವನ್ನು ಓದಬೇಕು. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ ೯೦ ಭಾಗವನ್ನು ಮೀರಬಾರದೆಂದು ಭಾರತ ಸರ್ಕಾರ ೨೦೧೬ರಲ್ಲಿ ನಿಯಮ ಮಾಡಿತು. ಮಾರಾಟದ ಆಟಿಕೆಗಳಿಗೆ ೨೦೨೧ರ ಜನವರಿ ೧ರಿಂದ ಐ.ಎಸ್.ಐ. ಮುದ್ರೆ ಕಡ್ಡಾಯವಾಯಿತು, ನೋಂದಾಯಿತ ಕರಕುಶಲಿಗಳಿಗೆ ಇದರಿಂದ ವಿನಾಯಿತಿ ದೊರೆಯಿತು. ಮನೆಯಲ್ಲಿ ಕಟ್ಟಿದ ಕುದುರೆಗೆ ಮುದ್ರೆ ಒತ್ತಲು ಯಾವ ಅಧಿಕಾರಿಯೂ ಬರುವುದಿಲ್ಲ. ಕಟ್ಟಿದವನ ಮನಸ್ಸೇ ಅಲ್ಲಿ ಅಧಿಕಾರಿ.

ಈ ಮಾತಿಗೆ ಡೆನ್ಮಾರ್ಕಿನ ಒಂದು ಪ್ರಸಂಗ ನಿದರ್ಶನವಾಗಿದೆ. ಬಿಲ್ಲುಂಡ್ ಎಂಬ ಹಳ್ಳಿಯ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ ೧೯೩೨ರಿಂದ ಮರದ ಆಟಿಕೆಗಳನ್ನು ಮಾಡತೊಡಗಿದ. ಮುಂದೆ ಲೆಗೊ ಎಂಬ ಹೆಸರಿನಿಂದ ಪ್ರಪಂಚಕ್ಕೆಲ್ಲ ಪರಿಚಿತವಾದ ಸಂಸ್ಥೆಯ ಮೂಲಪುರುಷ ಈತನೇ. ಒಮ್ಮೆ ಅವನ ಮಗ ಗಾಟ್‌ಫ್ರೆಡ್, ಮರದ ಬಾತುಗಳಿಗೆ ಮೂರು ಸಲ ಹಚ್ಚಬೇಕಾದ ಮೆರುಗೆಣ್ಣೆಯನ್ನು ಎರಡೇ ಸಲ ಹಚ್ಚಿ ಹಣ ಉಳಿಸಿದೆನೆಂದು ಹೆಮ್ಮೆಯಿಂದ ಹೇಳಿಕೊಂಡನಂತೆ. ತಂದೆ ಮೆಚ್ಚಲಿಲ್ಲ. ರೈಲು ನಿಲ್ದಾಣಕ್ಕೆ ಹೋಗಿದ್ದ ಪೆಟ್ಟಿಗೆಗಳನ್ನು ಹಿಂದಕ್ಕೆ ತಂದು, ಮೂರನೆಯ ಲೇಪವನ್ನು ಹಚ್ಚಿ, ಮತ್ತೆ ಕಟ್ಟಿ ಕಳಿಸುವಂತೆ ಆಜ್ಞೆ ಮಾಡಿದ. ಹುಡುಗ ರಾತ್ರಿಯೆಲ್ಲ ಒಬ್ಬನೇ ಕುಳಿತು ಆ ಕೆಲಸ ಮಾಡಿದನೆಂದು ಆ ಮನೆತನದವರು ಹೇಳಿಕೊಂಡು ಬಂದಿದ್ದಾರೆ. ಎರಡು ಲೇಪಕ್ಕೂ ಮೂರು ಲೇಪಕ್ಕೂ ಇರುವ ಭೇದ ಕೊಳ್ಳುವವರಿಗೆ ಕಾಣದಿರಬಹುದು, ಮಾಡಿದವನಿಗೆ ಗೊತ್ತಿರುತ್ತದೆ.

ಮೊದಲ ಸವಾರ

ಕುದುರೆ ಒಣಗಿ ಸಿದ್ಧವಾದ ಮೇಲೆ ಅದರ ಮೇಲೆ ಮೊದಲು ಕೂರಬೇಕಾದವನು ಮಗುವಲ್ಲ. ಮನೆಯಲ್ಲಿ ಅತ್ಯಂತ ಭಾರವಾದವರು ಯಾರೋ ಅವರು. ಅದು ಸಾಮಾನ್ಯವಾಗಿ ತಂದೆಯೇ ಆಗಿರುತ್ತಾನೆ. ಮೊಣಕಾಲು ಎದೆಗೆ ತಾಗುವಂತೆ ಮುದುಡಿ ಕುಳಿತ ಅವನ ಭಂಗಿಯನ್ನು ಕಂಡು ಮನೆಮಂದಿಯೆಲ್ಲ ನಗುವುದು ನಿಶ್ಚಯ. ನಗಲಿ. ಎಪ್ಪತ್ತು ಕಿಲೋಗ್ರಾಮಿನ ಸವಾರ ಹಿಂದಕ್ಕೂ ಮುಂದಕ್ಕೂ ಮೆಲ್ಲನೆ ತೂಗಿದಾಗ ಯಾವ ಕೀಲೂ ‘ಕಿರ್’ ಎನ್ನದಿದ್ದರೆ ಹನ್ನೆರಡು ಕಿಲೋಗ್ರಾಮಿನ ಸವಾರ ನಿಶ್ಚಿಂತೆಯಾಗಿ ಏರಬಹುದು. ಸದ್ದು ಬಂದರೆ ಅದೇ ಸಂಜೆ ಬೆಣೆಯನ್ನು ಬಿಗಿಯಬೇಕು. ಮಗು ಎಷ್ಟು ಅತ್ತರೂ ಅಂದು ಸವಾರಿಯಿಲ್ಲ.

ಕುದುರೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದೂ ಮುಖ್ಯ. ನುಣುಪಾದ ನೆಲದ ಮೇಲೆ ಅದು ಸರಿಯುತ್ತ ಹೋಗುತ್ತದೆ. ಬಾಗುಪಟ್ಟಿಗಳ ಕೆಳಗೆ ರಬ್ಬರಿನ ತೆಳುವಾದ ಪಟ್ಟಿ ಅಂಟಿಸಿದರೆ ಅಥವಾ ಕೆಳಗೆ ಜಮಖಾನ ಹಾಸಿದರೆ ತಡೆಯುತ್ತದೆ. ಮೆಟ್ಟಿಲು, ಒಲೆ, ಮೇಜಿನ ಮೂಲೆಗಳಿಂದ ದೂರವಿರಬೇಕು. ಕಿಟಕಿಯ ಬಳಿ, ಮಹಡಿಯ ಕಟಕಟೆಯ ಬಳಿ ಎಂದಿಗೂ ಕೂಡದು. ಅಲ್ಲಿ ಕುದುರೆ ಕುದುರೆಯಾಗಿ ಉಳಿಯುವುದಿಲ್ಲ, ಏಣಿಯಾಗುತ್ತದೆ. ತಿಂಗಳಿಗೊಮ್ಮೆ ಕುದುರೆಯನ್ನು ಮಗುಚಿ ಹಾಕಿ ಕೀಲುಗಳನ್ನು ಅಲುಗಿಸಿ ನೋಡುವುದು ಮನೆಯವರ ಅಭ್ಯಾಸವಾಗಲಿ.

ಮಗು ಇದರ ಮೇಲೆ ಎಷ್ಟು ದಿನ ಆಡೀತು? ಎರಡು ವರ್ಷ, ಹೆಚ್ಚೆಂದರೆ ಮೂರು. ಆಮೇಲೆ ಕಾಲು ಉದ್ದವಾಗುತ್ತದೆ, ಸೈಕಲ್ಲಿನ ಮೇಲೆ ಕಣ್ಣು ಬೀಳುತ್ತದೆ. ಇಷ್ಟು ಅಲ್ಪಕಾಲಕ್ಕೆ ಇಷ್ಟೊಂದು ಶ್ರಮವೇಕೆಂದು ಕೇಳುವವರೂ ಇದ್ದಾರೆ. ಆದರೆ ಬೆಣೆ ಹೊಡೆದು ಕಟ್ಟಿದ ಕುದುರೆಯ ಆಯುಷ್ಯ ಒಂದು ಮಗುವಿನ ಬಾಲ್ಯಕ್ಕೆ ಮುಗಿಯುವುದಿಲ್ಲ. ಅಣ್ಣನಿಂದ ತಂಗಿಗೆ, ತಂಗಿಯಿಂದ ಚಿಕ್ಕಪ್ಪನ ಮಗನಿಗೆ, ಅಲ್ಲಿಂದ ಕೆಲವು ಕಾಲ ಅಟ್ಟಕ್ಕೆ, ಅಟ್ಟದಿಂದ ಮತ್ತೆ ಕೆಳಕ್ಕೆ ಅದು ಪಯಣ ಮಾಡುತ್ತಲೇ ಇರುತ್ತದೆ.

ಆದುದರಿಂದ ಕೊನೆಯ ಲೇಪ ಹಚ್ಚುವ ಮೊದಲು, ಆಸನದ ಹಲಗೆಯ ಅಡಿಯಲ್ಲಿ, ಯಾರಿಗೂ ಕಾಣದ ಕಡೆ, ಪೆನ್ಸಿಲಿನಿಂದ ಇಸವಿಯನ್ನೂ ಮೊದಲ ಸವಾರನ ಹೆಸರನ್ನೂ ಬರೆದಿಡುವುದು ಒಳ್ಳೆಯದು. ಕೆಳಗೆ ಸ್ವಲ್ಪ ಜಾಗ ಬಿಟ್ಟಿರಬೇಕು, ಮುಂದಿನ ಹೆಸರುಗಳಿಗೆ.